ಉಳಿದ ಹದಿನೈದು ತೋಟಾ

ನಮ್ಮ ಡ್ರೈ ಫೋರ್ಕ್ ಊರಿನಲ್ಲಿ ಸತ್ತವನ ಬೂಟು ಹಾಕಿಕೊಂಡು ಓಡಾಡುವವರಿದ್ದಾರೆ, ಸತ್ತವನ ಟ್ರಕ್ಕು ಓಡಿಸುವವರಿದ್ದಾರೆ, ಸತ್ತವನ ಹೆಂಡತಿಯನ್ನು ಆರು ತಿಂಗಳೊಳಗೆ ಮದುವೆಯಾದವನೂ ಒಬ್ಬನಿದ್ದಾನೆ. ಆದರೆ ಸತ್ತವನು ಮನೆಯಲ್ಲಿ ಕೂತು ಕೈಯಾರೆ ತುಂಬಿದ ತೋಟಾಗಳನ್ನು ಯಾರೂ ಮುಟ್ಟುವುದಿಲ್ಲ. ಬದುಕಿರುವವನದ್ದನ್ನೂ ಮುಟ್ಟುವುದಿಲ್ಲ. ಒಬ್ಬ ತುಂಬಿದ್ದು ಅವನ ಕೋವಿಗೇ ಸರಿ. ಒಳಗೆ ಯಾವ ಮದ್ದು, ಎಷ್ಟು ಮದ್ದು ಅಂತ ಗೊತ್ತಿರುವುದು ತುಂಬಿದವನಿಗೆ ಮತ್ತು ದೇವರಿಗೆ. ದೇವರು ಡಬ್ಬಿಯ ಮೇಲೆ ಚೀಟಿ ಅಂಟಿಸುವುದಿಲ್ಲ. ಹಾಗಾಗಿ ಗಂಡ ತೀರಿಕೊಂಡರೆ ಇಲ್ಲಿನ ಹೆಂಗಸರು ತೋಟಾ ಒತ್ತುವ ಪ್ರೆಸ್ಸು ಮಾರುತ್ತಾರೆ, ಮದ್ದು ತೂಗುವ ತಕ್ಕಡಿ ಮಾರುತ್ತಾರೆ. ತೋಟಾಗಳನ್ನು ಮಾತ್ರ ಬಲ್ಲವರ ಕೈಲಿ ಬಿಚ್ಚಿಸಿ, ಗುಂಡು ಬೇರೆ ಹಿತ್ತಾಳೆ ಬೇರೆ ಮಾಡಿ, ಒಳಗಿನ ಮದ್ದನ್ನು ಹಿತ್ತಲಲ್ಲಿ ತೆಳ್ಳಗೆ ಚೆಲ್ಲುತ್ತಾರೆ. ಹುಲ್ಲಿಗೆ ಒಳ್ಳೆಯದಂತೆ.

ನನ್ನ ಗಂಡ ವರ್ಲಿನ್ ಸತ್ತು ಹನ್ನೊಂದು ವರ್ಷವಾಯಿತು. ನಾನು ಪ್ರೆಸ್ಸು ಮಾರಲಿಲ್ಲ. ತೋಟಾಗಳನ್ನೂ ಬಿಚ್ಚಲಿಲ್ಲ. "ಪಾಪ, ಆರ್ಡಿಸ್‌ಗೆ ಗಂಡನ ನೆನಪು" ಅಂತ ಚರ್ಚಿನ ಹೆಂಗಸರು ಲೊಚಗುಟ್ಟುತ್ತಾರೆ. ನೆನಪೂ ಅಲ್ಲ, ಮಣ್ಣೂ ಅಲ್ಲ. ಹೆದರಿಕೆ.

ವರ್ಲಿನ್ ಸತ್ತದ್ದು ಜಿಂಕೆ ಬೇಟೆ ಶುರುವಾದ ಎರಡನೇ ದಿನ, ಭಾನುವಾರ, ನಮ್ಮ ಗೋಧಿ ಹೊಲದ ಆಚೆಯ ಕೊರಕಲಿನಲ್ಲಿ. ಅವತ್ತಿನ ಮೊದಲನೇ ಗುಂಡು. ಕೋವಿ ಮುಂದಕ್ಕೆ ಹಾರಿಸುವ ಬದಲು ಹಿಂದಕ್ಕೆ ಒಡೆಯಿತು. ಆ ಕೋವಿಗೆ ಅದೇ ಬೇಸಿಗೆಯಲ್ಲಿ ಹೊಸ ನಳಿಗೆ ಕೂರಿಸಿಕೊಟ್ಟವನು ವರ್ಲಿನ್‌ನ ತಮ್ಮ ಗೇಲೆನ್. ಸುತ್ತ ನಾಲ್ಕು ಊರಿಗೆ ಕೋವಿ ರಿಪೇರಿ ಅಂದರೆ ಗೇಲೆನ್ ಸ್ಲೆಟನ್ ಅಂತಿದ್ದ ಕಾಲ ಅದು. ಪೊಲೀಸಿನವನು ಬಂದು ಒಡೆದ ಚೂರುಗಳನ್ನು ಎರಡು ಸಲ ತಿರುಗಿಸಿ ನೋಡಿ, ನಳಿಗೆ ಕೂರಿಸಿದ್ದು ಯಾರು ಅಂತ ಕೇಳಿದ. ಅಷ್ಟು ಸಾಕಾಯಿತು. ಒಂದು ತಿಂಗಳೊಳಗೆ ಗೇಲೆನ್‌ನ ಅಂಗಡಿಯಲ್ಲಿದ್ದ ಕೋವಿಗಳನ್ನೆಲ್ಲ ಜನ ಅರ್ಧ ಕೆಲಸಕ್ಕೇ ವಾಪಸು ಒಯ್ದರು. ಒಬ್ಬನೂ ಬೈಯಲಿಲ್ಲ. ನಮ್ಮ ಕಡೆಯ ಜನ ಬೈಯುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ. ಗೇಲೆನ್ ಬಾಗಿಲು ಹಾಕಿ ಗೋಧಿ ಗೋದಾಮಿನಲ್ಲಿ ಗುಡಿಸುವ ಕೆಲಸಕ್ಕೆ ಸೇರಿದ.

ಸುತ್ತಿ ಬಳಸಿ ಹೇಳುವುದು ನನಗೆ ಆಗದು. ತಪ್ಪು ಗೇಲೆನ್‌ನದಲ್ಲ, ನನ್ನದು ಅಂತ ನನಗೆ ಮೊದಲಿನಿಂದ ಅನುಮಾನವಿತ್ತು.

ನೆಲಮಾಳಿಗೆಯಲ್ಲಿ ತೋಟಾ ತುಂಬುವ ಬೆಂಚಿಗೆ ಒಂದೇ ಕಟ್ಟಳೆ: ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಅದರ ಕೆಲಸ ಮುಗಿದು, ಮುಚ್ಚಿ, ಬೀರುವಿಗೆ ಸೇರಿದ ಮೇಲೇ ಇನ್ನೊಂದು ಹೊರಗೆ ಬರಬೇಕು. ಮೂವತ್ತು ವರ್ಷ ನಾವಿಬ್ಬರೂ ಆ ಬೆಂಚಿನಲ್ಲಿ ಅಕ್ಕಪಕ್ಕ ಕೂತಿದ್ದೇವೆ. ನಾನು ಮದ್ದು ಅಳೆದು ಸುರಿಯುವುದು, ಅವನು ಗುಂಡು ಕೂರಿಸಿ ಪ್ರೆಸ್ಸಿನ ಹಿಡಿ ಎಳೆಯುವುದು. ಜಗಳ ಆಡಿದ ದಿನವೂ ಅಲ್ಲಿ ಕೂತರೆ ಮಾತು ಬರುತ್ತಿತ್ತು. ಆ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಒಬ್ಬಳೇ ನನ್ನ ರಿವಾಲ್ವರಿಗೆ ತುಂಬುತ್ತಿದ್ದೆ. ರಿವಾಲ್ವರಿನ ಮದ್ದು ಚಪ್ಪಟೆ ಚೂರು, ಗಸಗಸೆಯನ್ನು ಬೆರಳಲ್ಲಿ ಒತ್ತಿದಂತೆ, ಸರ್ರನೆ ಉರಿಯುತ್ತದೆ. ರೈಫಲ್ಲಿನದು ಕಡ್ಡಿ ಕಡ್ಡಿ, ಕತ್ತರಿಸಿದ ಜೀರಿಗೆಯಂತೆ. ಅದರ ಉರಿ ನಿಧಾನ. ಅದರ ಜಾಗದಲ್ಲಿ ರಿವಾಲ್ವರಿನ ಮದ್ದು ಸೇರಿತೋ, ಎಂಥ ಕೋವಿಯೂ ತಡೆಯುವುದಿಲ್ಲ. ಮಧ್ಯೆ ಫೋನು ಬಂತು. ಅಮ್ಮ ಮೆಟ್ಟಿಲ ಮೇಲೆ ಬಿದ್ದಿದ್ದಾಳೆ ಅಂತ ನನ್ನ ತಂಗಿ. ಮಾತಾಡಿ ಕೆಳಗೆ ಬಂದಾಗ ನನ್ನ ತಲೆ ನನ್ನ ಕುತ್ತಿಗೆಯ ಮೇಲೆ ಇರಲಿಲ್ಲ. ಅಳತೆಯ ಸೀಸೆಯಲ್ಲಿ ಉಳಿದಿದ್ದ ಮದ್ದನ್ನು ಎದುರಿಗಿದ್ದ ಡಬ್ಬಿಗೆ ಸುರಿದು, ಮುಚ್ಚಿ, ಮೇಲೆ ಹೋದೆ. ಎದುರಿಗಿದ್ದದ್ದು ಯಾವ ಡಬ್ಬಿ? ನಾನು ಮೇಲೆ ಮಾತಾಡುತ್ತಿದ್ದಾಗ ವರ್ಲಿನ್ ತನ್ನ ರೈಫಲ್ಲಿನ ಡಬ್ಬಿಯನ್ನು ಮಧ್ಯಾಹ್ನಕ್ಕೆ ಬೇಕಾಗುತ್ತದೆ ಅಂತ ತಂದಿಟ್ಟಿದ್ದನೇ? ಇಟ್ಟಿದ್ದನೇನೋ. ಮಧ್ಯಾಹ್ನ ನಾವಿಬ್ಬರೂ ಅದರಿಂದಲೇ ಇಪ್ಪತ್ತು ತೋಟಾ ತುಂಬಿದೆವು. ನನ್ನ ಕಣ್ಣು ಕೈಯ ಮೇಲಿತ್ತು, ಮನಸ್ಸು ಅಮ್ಮನ ಸೊಂಟದ ಮೇಲೆ. ಅವನು ಪ್ರತಿಯೊಂದರೊಳಗೂ ಟಾರ್ಚು ಬಿಟ್ಟು ಮಟ್ಟ ನೋಡಿದ. ಟಾರ್ಚಿನ ಬೆಳಕಿಗೆ ಕಡ್ಡಿಯೂ ಕಪ್ಪು, ಚೂರೂ ಕಪ್ಪು.

ಅವನನ್ನು ಮಣ್ಣು ಮಾಡಿದ ಮೂರನೇ ದಿನ ನಾನು ರಿವಾಲ್ವರಿನ ಡಬ್ಬಿ ಎತ್ತಿದೆ. ಇರಬೇಕಾದ್ದಕ್ಕಿಂತ ಹಗುರವಾಗಿತ್ತು. ಇಪ್ಪತ್ತರಲ್ಲಿ ಮೊದಲ ಸಾಲಿನ ಐದನ್ನು ವರ್ಲಿನ್ ಒಯ್ದಿದ್ದ. ಒಂದು ಅವನನ್ನು ಕೊಂದಿತು. ನಾಲ್ಕು ಅವನ ಕೋಟಿನ ಜೇಬಿನಲ್ಲೇ ಆಸ್ಪತ್ರೆಯಿಂದ ನನ್ನ ಕೈಗೆ ಬಂದಿದ್ದವು. ಅವನ್ನು ಕಾಲುವೆಗೆ ಎಸೆದೆ. ಇಂಥವು ಇನ್ನೂ ಇವೆಯಾ ಅಂತ ಪೊಲೀಸಿನವನು ಕೇಳಿದ್ದಕ್ಕೆ ಇಲ್ಲ ಅಂದೆ. ಪಕ್ಕದಲ್ಲಿ ಗೇಲೆನ್ ಟೋಪಿ ಕೈಲಿ ಹಿಡಿದು ನಿಂತಿದ್ದ. ಉಳಿದ ಹದಿನೈದನ್ನೂ ಆ ರೈಫಲ್ಲಿನ ಮದ್ದಿನ ಡಬ್ಬಿಯನ್ನೂ ನೆಲಮಾಳಿಗೆಯಲ್ಲಿ, ಮನೆ ಕಾಯಿಸುವ ಒಲೆಯ ಹಿಂದೆ, ಯಾರ ಕೈಯೂ ಹೋಗದ ಹಲಗೆಯ ಮೇಲೆ ತಳ್ಳಿದೆ. ಬಿಚ್ಚಿ ನೋಡಲಿಲ್ಲ. ನೋಡದಿದ್ದರೆ ಇರಬಹುದು, ಇಲ್ಲದಿರಬಹುದು. ಆ 'ಇಲ್ಲದಿರಬಹುದು' ಅನ್ನುವುದನ್ನು ಹಿಡಿದುಕೊಂಡು ಹನ್ನೊಂದು ವರ್ಷ ಉಂಡೆ, ಮಲಗಿದೆ, ಚರ್ಚಿಗೆ ಹೋದೆ.

ವರ್ಲಿನ್ ಮಾತ್ರ ಹೋಗಲಿಲ್ಲ. ನಗುವವರು ನಗಲಿ. ನಾನು ಲುಥೆರನ್ ಚರ್ಚಿನವಳು, ದೆವ್ವಗಿವ್ವ ಅಂದರೆ ನನಗೂ ನಗು ಬರುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ, ನಾವು ಬೆಂಚಿಗೆ ಕೂರುತ್ತಿದ್ದ ಹೊತ್ತಿಗೇ, ಕೆಳಗಿನಿಂದ ಪ್ರೆಸ್ಸಿನ ಹಿಡಿಯ ಸದ್ದು ಬರುತ್ತಿತ್ತು. ಕರಕ್, ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಕರಕ್, ಟಕ್. ಒಂದೊಂದು ದಿನ ಇಪ್ಪತ್ತರವರೆಗೆ ಎಣಿಸಿದ್ದೇನೆ. "ಸಾಕು ಮಾಡು, ವರ್ಲಿನ್" ಅಂತ ಮೆಟ್ಟಿಲ ಬಾಗಿಲಿಗೆ ಬಾಯಿಟ್ಟು ಹೇಳಿದರೆ ನಿಲ್ಲುತ್ತಿತ್ತು. ಅದೇ ಹೆಚ್ಚು ಹೆದರಿಸುತ್ತಿತ್ತು. ಒಲೆಯ ಕೊಳವೆ ಬಿಸಿಗೆ ಹಿಗ್ಗಿ ಕುಗ್ಗುವ ಸದ್ದು ಅಂತ ರಿಪೇರಿಯವನು ಹೇಳಿದ. ಒಲೆಯ ಕೊಳವೆ ನನ್ನ ಮಾತು ಯಾಕೆ ಕೇಳುತ್ತದೆ?

ಈ ವರ್ಷ ಸದ್ದಿನ ಜೊತೆ ವಾಸನೆಯೂ ಶುರುವಾಯಿತು. ಮೊದಲು ಇಲಿ ಸತ್ತಿದೆ ಅಂದುಕೊಂಡೆ. ಇಲಿಯ ವಾಸನೆ ಮೂಗಿನಲ್ಲಿ ಕೂರುತ್ತದೆ. ಇದು ಗಂಟಲಿಗೆ ಇಳಿದು ಚುಚ್ಚುವ ಹುಳಿ. ಅಕ್ಟೋಬರಿನಲ್ಲಿ ಮೇಲಿನಿಂದಲೇ ಗುಂಡಿ ಒತ್ತಿ ಒಲೆ ಹಚ್ಚಿದ ಮೇಲೆ ಅದು ಮೆಟ್ಟಿಲು ಹತ್ತಿತು. ಅಡಿಗೆಮನೆಗೆ ಬಂತು, ನನ್ನ ದಿಂಬಿಗೆ ಬಂತು. ಅದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಇದು ಅವನೇ ಹತ್ತಿ ಬರುತ್ತಿರುವುದು ಅಂತ ಅನ್ನಿಸುತ್ತಿತ್ತು. ಬಾಗಿಲ ಸಂದಿಗೆ ಹಳೇ ಟವೆಲು ತುರುಕಿ ಕೂತೆ.

ಬೇಟೆ ಶುರುವಾದ ಎರಡನೇ ದಿನ ಗೇಲೆನ್ ಬಂದ. ಪ್ರತಿ ವರ್ಷ ಅವತ್ತು ಬರುತ್ತಾನೆ. ಚರ್ಚು ಮುಗಿದ ಮೇಲೆ ಯಾರಾದರೂ ಅವನನ್ನು ನನ್ನ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ, ಸಂಜೆ ನಾನು ಅವನ ಮನೆಗೆ ಬಿಡುತ್ತೇನೆ. ವರ್ಲಿನ್‌ನ ಹೆಸರು ಇಬ್ಬರೂ ಎತ್ತುವುದಿಲ್ಲ. ಕಾಫಿ ಕುಡಿಯುತ್ತೇವೆ, ಲೆಫ್ಸೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ತಿನ್ನುತ್ತೇವೆ. ಗೇಲೆನ್‌ಗೆ ಈಗ ಎಪ್ಪತ್ತು. ಕಣ್ಣಿನ ನಡುಭಾಗ ಹೋಗಿಬಿಟ್ಟಿದೆ. ನೇರ ನೋಡಿದರೆ ಕಪ್ಪು ಬೊಟ್ಟು, ಅಂಚಿನಲ್ಲಷ್ಟೇ ಮಸುಕು ಬೆಳಕು. ಹಾಗಾಗಿ ಮಾತಾಡುವಾಗ ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಾನೆ.

"ಏನೇ ಆರ್ಡಿ, ಇನ್ನೂ ಬದುಕಿದ್ಯಾ?"

"ನಿನ್ನ ಮಣ್ಣಿಗೆ ಬರ್ಬೇಕಲ್ಲ, ಅದಕ್ಕೆ ಕಾಯ್ತಿದೀನಿ. ಕಾಲು ಒರೆಸ್ಕೋ. ನೆಲ ಈಗ ತಾನೇ ತೊಳ್ದಿದೀನಿ."

"ಕುರುಡನಿಗೆ ನೆಲ ಹೇಗಿದ್ರೇನು?"

"ನನಗೆ ಕಾಣ್ಸುತ್ತಲ್ಲೋ."

ಅವನು ನಗುತ್ತ ಕೋಟು ಬಿಚ್ಚಿದ. ಒಂದು ತೋಳು ಬಿಚ್ಚಿ, ಇನ್ನೊಂದನ್ನು ಅಲ್ಲಿಗೇ ನಿಲ್ಲಿಸಿದ. ಮೂಗು ಎತ್ತಿದ.

"ಏನೇ ಇದು ವಾಸನೆ?"

"ಉಪ್ಪಿನಕಾಯಿ ಜಾಡಿ ಒಡೆದಿರ್ಬೇಕು."

"ಉಪ್ಪಿನಕಾಯಿ ಅಂತೆ! ಕಣ್ಣು ಹೋಗಿದೆ, ಮೂಗು ಹೋಗಿಲ್ಲ ನಂಗೆ. ಮದ್ದು ಕೆಟ್ಟಿದೆ ಇದು. ಎಲ್ಲಿಟ್ಟಿದ್ಯಾ?"

"ಕೆಳಗೆ."

"ಕೆಳಗೆ ಅಂದ್ರೆ ಎಲ್ಲಿ?"

"ಒಲೆ ಹಿಂದೆ."

"ಒಲೆ ಹಿಂದೆ ಮದ್ದು!" ಅವನು ಮೇಜು ಗುದ್ದಿದ. "ಮೂವತ್ತು ವರ್ಷ ವರ್ಲಿನ್ ಪಕ್ಕ ಕೂತು ತುಂಬಿದವಳು ನೀನು. ತಂಪಲ್ಲಿಟ್ರೆ ಮೊಮ್ಮಕ್ಕಳ ಕಾಲದವರೆಗೂ ಇರುತ್ತೆ, ಬಿಸೀಲಿಟ್ರೆ ಕೊಳೆಯುತ್ತೆ ಅಂತ ನಾಯಿಗೂ ಗೊತ್ತು. ತಾನೇ ಕಾದು ಒಂದ್ ದಿನ ತಾನೇ ಹೊತ್ಕೊಂಡ್ರೆ? ನಡಿ, ಹೊರಗೆ ಹಾಕೋಣ."

"ನೀನು ಕೂತ್ಕೋ. ನಾನೇ ಹಾಕ್ತೀನಿ."

"ನೀನೇ ಹಾಕೋಳಾಗಿದ್ರೆ ಇಷ್ಟು ದಿನ ಯಾಕೆ ಹಾಕ್ಲಿಲ್ಲ?"

ನಾನು ಬಾಗಿಲ ಸಂದಿಯ ಟವೆಲು ಎಳೆದೆ. ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡು ನನ್ನ ಹಿಂದೆಯೇ ಇಳಿದ. ನಿಜ ಹೇಳಬೇಕೆಂದರೆ, ಅವನು ಜೊತೆಗೆ ಬಂದದ್ದು ಒಂದು ಕಡೆ ಸಮಾಧಾನವೇ ಆಯಿತು. ಐದು ವರ್ಷದಿಂದ ನಾನು ಆ ಮೆಟ್ಟಿಲ ಕೊನೆಯವರೆಗೆ ಇಳಿದಿರಲಿಲ್ಲ. ಬೆಂಚು ಹಾಗೇ ಇತ್ತು. ಎರಡು ಸ್ಟೂಲು ಹಾಗೇ ಇದ್ದವು. ಹಿಮದ ಬಿಳಿ ಬೆಳಕು ಮೇಲಿನ ಸಣ್ಣ ಕಿಟಕಿಯಿಂದ ಪ್ರೆಸ್ಸಿನ ಹಿಡಿಯ ಮೇಲೆ ಬಿದ್ದಿತ್ತು. ಎಲ್ಲದರ ಮೇಲೂ ಧೂಳು ಕೂತಿತ್ತು, ಆ ಹಿಡಿಯ ಗುಂಡಿಯ ಮೇಲೆ ಇರಲಿಲ್ಲ. ನಾನು ಅತ್ತ ಮತ್ತೆ ನೋಡಲಿಲ್ಲ.

ಒಲೆಯ ಹಿಂದೆ ಬಗ್ಗಿ ಡಬ್ಬಿ ಹುಡುಕಿದೆ. ಮುಚ್ಚಳದ ಸುತ್ತ ತುಕ್ಕು ಹೊಕ್ಕು ತಗಡು ಜರಡಿಯಾಗಿತ್ತು. ಅದರ ತೂತುಗಳಿಂದ ಕೆಂಪು ಕಂದು ಬಣ್ಣದ ಆವಿ ಏಳುತ್ತಿತ್ತು, ಒಂದಿಷ್ಟು ಎದ್ದು, ನಿಂತು, ಮತ್ತೆ ಏಳುತ್ತಿತ್ತು. ಯಾರೋ ಉಸಿರಾಡುತ್ತಿದ್ದಾರೆ ಅಂತ ಅನ್ನಿಸಿತು. ವರ್ಲಿನ್‌ನ ಕಡೆಯ ಉಸಿರನ್ನು ನಾನು ನೋಡಿರಲಿಲ್ಲ; ನಾನು ಕೊರಕಲಿಗೆ ಓಡಿ ಹೋಗುವಷ್ಟರಲ್ಲಿ ಮುಗಿದಿತ್ತು.

"ಉಸಿರು ಬಿಗಿ ಹಿಡ್ಕೋ. ಇಕ್ಕಳದಲ್ಲಿ ಹಿಡಿ, ಬಕೆಟ್ಟಿಗಿಡು, ಅಲ್ಲಾಡಿಸ್ಬೇಡ" ಅಂತ ಗೇಲೆನ್ ಹಿಂದಿನಿಂದ ಒಂದೊಂದಾಗಿ ಹೇಳಿಕೊಟ್ಟ. ನಾನು ಬಕೆಟ್ಟನ್ನು ಹೊರಗೊಯ್ದು ಹಿಮದ ನಡುವೆ, ಮನೆಯಿಂದ ದೂರ ಇಟ್ಟು ಬಂದೆ. ಕಿಟಕಿ ತೆರೆದು ಗಾಳಿಯಾಡಲು ಬಿಟ್ಟೆ. ಸಾಕ್ಷಿಯ ಅರ್ಧ ಹೋಯಿತು ಅಂತ ಎದೆ ಹಗುರವಾಯಿತು, ಸುಳ್ಳೇಕೆ ಹೇಳಲಿ. ಮತ್ತೆ ಕೆಳಗಿಳಿದರೆ ಗೇಲೆನ್ ಒಲೆಯ ಹಿಂದೆ ಕೈ ಚಾಚಿ ನಿಂತಿದ್ದ. ಅವನ ಕೈಯಲ್ಲಿ ತೋಟಾಗಳ ರಟ್ಟಿನ ಪೆಟ್ಟಿಗೆಯಿತ್ತು.

"ಓದು" ಅಂದ.

"ಏನನ್ನ?"

"ಮೇಲೆ ವರ್ಲಿನ್ ಚೀಟಿ ಅಂಟ್ಸಿರ್ತಾನೆ. ಓದು."

ವರ್ಲಿನ್‌ನ ಕೈಬರಹ. ಆ ಸೆಪ್ಟೆಂಬರಿನ ತಾರೀಕು, ರೈಫಲ್ಲಿನ ಹೆಸರು, ಮದ್ದಿನ ಹೆಸರು, ಕೊನೆಯಲ್ಲಿ ನಮ್ಮಿಬ್ಬರ ಹೆಸರಿನ ಮೊದಲಕ್ಷರ. ಬೇರೆ ಏನಾದರೂ ಓದಿಬಿಡಬಹುದಿತ್ತು. ಅವನಿಗೇನು ಕಾಣುತ್ತಿತ್ತೇ? ಆದರೆ ಆ ಅಕ್ಷರ ನೋಡಿ ನನ್ನ ಬಾಯಿ ತಾನಾಗಿ ಇದ್ದದ್ದನ್ನು ಓದಿತು.

ಗೇಲೆನ್ ಪೆಟ್ಟಿಗೆಯೊಳಗೆ ಬೆರಳಾಡಿಸಿದ. ಮೊದಲ ಸಾಲು ಖಾಲಿ. ಹಿಂದಿನ ಮೂರು ಸಾಲು ಭರ್ತಿ.

"ಒಂದೂ ಉಳಿದಿಲ್ಲ ಅಂದಿದ್ಯಲ್ಲ, ಅವತ್ತು."

"ಅಂದಿದ್ದೆ."

"ನಾನು ಪಕ್ಕದಲ್ಲೇ ಇದ್ದೆ."

"ಹೂಂ."

ಅವನು ಪೆಟ್ಟಿಗೆಯನ್ನು ತಡವಿ ಬೆಂಚಿನ ಮೇಲಿಟ್ಟ. ಆಮೇಲೆ ನನ್ನ ಕಡೆಗೆ ತಿರುಗಿ, ನನ್ನ ಕಿವಿಯ ಪಕ್ಕದ ಗೋಡೆಗೆ ಹೇಳಿದ: "ನನಗೋಸ್ಕರ ಮುಚ್ಚಿಟ್ಟೆ ಅಲ್ವಾ? ಇದನ್ನ ಬಿಚ್ಚಿ, ಮದ್ದು ಸರಿಯಾಗಿದೆ ಅಂತ ಆಗಿಬಿಟ್ಟಿದ್ರೆ, ತಪ್ಪು ನನ್ನ ನಳಿಗೇದು ಅಂತ ಗಟ್ಟಿಯಾಗ್ತಿತ್ತು. ಜೈಲಿಗೂ ಹಾಕ್ತಿದ್ರೇನೋ. ಗಂಡನ್ನ ಕೊಂದೋನನ್ನ ಉಳಿಸೋಕೆ ನೀನು ಪೊಲೀಸಿಗೆ ಸುಳ್ಳು ಹೇಳ್ದೆ. ಇಷ್ಟು ವರ್ಷ ಒಂದ್ ಮಾತೂ ಆಡ್ಲಿಲ್ಲ. ಎಂಥಾ ಹೆಂಗಸೇ ನೀನು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಿಚ್ಚು" ಅಂದ ಗೇಲೆನ್, ಒಂದು ಸ್ಟೂಲು ತಡವಿ ಎಳೆದುಕೊಂಡು. ಅದು ವರ್ಲಿನ್‌ನದು. "ಸಾಯೋ ಮುಂಚೆ ನನಗೆ ಗೊತ್ತಾಗ್ಬೇಕು. ನಾನು ನಳಿಗೆ ಕೂರಿಸಿದ್ದನ್ನ ಮನಸಲ್ಲೇ ಸಾವಿರ ಸಲ ಮತ್ತೆ ಕೂರಿಸಿದೀನಿ. ಒಂದೊಂದ್ಸಲ ಸರಿಯಾಗಿರುತ್ತೆ. ಒಂದೊಂದ್ಸಲ ಕೂದಲೆಳೆ ತಪ್ಪಿರುತ್ತೆ. ಯಾವುದು ನಿಜ ಅಂತ ನಂಗೇ ಗೊತ್ತಿಲ್ಲ ಈಗ. ಮದ್ದು ಏನಿದೆ ನೋಡಿ ಹೇಳು. ಕಡ್ಡಿ ಇದ್ರೆ ತಪ್ಪು ನಂದು."

ತೋಟಾ ಬಿಚ್ಚುವುದಕ್ಕೆ ಒಂದು ಸುತ್ತಿಗೆ ಇರುತ್ತದೆ. ಅದರ ಟೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ತುಂಡಿಗೆ ಬಡಿದರೆ, ಒಂದೆರಡು ಏಟಿಗೆ ಗುಂಡು ಸಡಿಲವಾಗಿ, ಗುಂಡೂ ಮದ್ದೂ ಒಳಗೇ ಉದುರುತ್ತವೆ. ಇವು ಒಂದೆರಡು ಏಟಿಗೆ ಜಗ್ಗಲಿಲ್ಲ. ಒಲೆಯ ಕಾವಿಗೆ ಒಳಗಿನ ಮದ್ದು ಬೆವೆತು, ಹಿತ್ತಾಳೆಯ ಕುತ್ತಿಗೆ ಒಳಗಿನಿಂದಲೇ ಹಸಿರುಗಟ್ಟಿ, ಗುಂಡನ್ನು ಕಚ್ಚಿ ಹಿಡಿದಿತ್ತು. ಕೊನೆಯ ಸಾಲಿನ ಕೊನೆಯದರಿಂದ ಶುರು ಮಾಡಿದೆ. ಯಾಕೆಂದರೆ ನಾನು ಸುರಿದಿದ್ದೇ ಹೌದಾದರೆ ಅದು ಡಬ್ಬಿಯ ಮೇಲುಭಾಗದಲ್ಲಿತ್ತು, ಮೊದಲು ತುಂಬಿದವುಗಳಿಗೇ ಸೇರಿರಬೇಕು. ಹಿಂದಿನವು ಚೆನ್ನಾಗಿರುತ್ತವೆ ಅಂತ ನನಗೆ ಗೊತ್ತಿತ್ತು. ಸಾಧ್ಯವಾದಷ್ಟು ಹೊತ್ತು ಒಳ್ಳೆಯವಳಾಗಿರೋಣ ಅಂತ ಅನ್ನಿಸಿತು.

ಆರು ಏಟು. ತಟ್ಟೆಗೆ ಸುರಿದೆ. ಕಂದಾಗಿ ಅಂಟಿಕೊಂಡಿದ್ದ ಕಡ್ಡಿಗಳು.

"ಏನಿದೆ?"

"ಕಡ್ಡಿ."

ಎರಡನೆಯದೂ ಕಡ್ಡಿ. ಐದನೆಯದೂ. ಗೇಲೆನ್ ಪ್ರತಿ ಸಲವೂ ಏನಿದೆ ಅಂತ ಕೇಳುತ್ತಿದ್ದ, ನಾನು ಕಡ್ಡಿ ಅನ್ನುತ್ತಿದ್ದೆ, ಅವನ ಬೆನ್ನು ಒಂದಿಷ್ಟು ಬಾಗುತ್ತಿತ್ತು. ಒಂಬತ್ತನೆಯದು ಬಿಚ್ಚುವ ಹೊತ್ತಿಗೆ ನನಗೆ ಆಸೆ ಹುಟ್ಟಿಬಿಟ್ಟಿತ್ತು. ನಾನು ಸುರಿದೇ ಇಲ್ಲ! ಡಬ್ಬಿ ಹಗುರವಾಗಿತ್ತು ಅನ್ನುವುದೂ ಶೋಕದಲ್ಲಿದ್ದವಳ ಕೈಗೆ ಹಾಗನ್ನಿಸಿದ್ದು! ಎದುರಿಗೆ ಒಬ್ಬ ಮುದುಕ ಕಣ್ಣೆದುರೇ ಕುಸಿಯುತ್ತಿದ್ದಾನೆ, ನಾನು ಒಳಗೊಳಗೇ ಹಿಗ್ಗುತ್ತಿದ್ದೇನೆ. ಅಂಥವಳು ನಾನು.

ಹನ್ನೊಂದನೆಯದರಲ್ಲಿ ಕಡ್ಡಿಗಳ ನಡುವೆ ಚಪ್ಪಟೆ ಚೂರು ಕಂಡಿತು. ನಾಲ್ಕೈದು. ತಟ್ಟೆಯನ್ನು ಬೆಳಕಿಗೆ ವಾಲಿಸಿದೆ. ಚೂರೇ.

"ಏನಿದೆ?"

"ಕಡ್ಡಿ" ಅಂದೆ.

ಹನ್ನೆರಡನೆಯದರಲ್ಲಿ ಇನ್ನೂ ಹೆಚ್ಚು. ಹದಿನೈದನೆಯದು, ಅಂದರೆ ವರ್ಲಿನ್ ಒಯ್ದ ಐದರ ಪಕ್ಕದ್ದು, ಅದರಲ್ಲಿ ಸುಮಾರು ಅರ್ಧ ಚೂರೇ ಇತ್ತು. ಅವನು ಒಯ್ದ ಆ ಮೊದಲನೆಯದರಲ್ಲಿ ಎಷ್ಟಿತ್ತೋ.

"ಕೊನೇದೂ?"

"ಕೊನೇದೂ ಕಡ್ಡೀನೇ ಕಣೋ."

ಹೇಳಿ ಬಾಯಿ ಮುಚ್ಚಿದ್ದೇನೆ, ಬೆಂಚಿನ ಆ ತುದಿಯಲ್ಲಿ ಸದ್ದಾಯಿತು. ಕರಕ್, ಟಕ್.

"ಹಿಡಿ ಮುಟ್ಬೇಡ ಆರ್ಡಿ, ಸುಮ್ನಿರು" ಅಂದ ಗೇಲೆನ್.

"ನಾನು ಮುಟ್ಟಿಲ್ಲ."

ನನ್ನ ಎರಡು ಕೈಯೂ ತಟ್ಟೆಯ ಮೇಲಿದ್ದವು. ಗೇಲೆನ್ ಆ ಸದ್ದಿನ ಕಡೆಗೆ ಮುಖ ತಿರುಗಿಸಿದ. ಅವನಿಗೆ ಹೆದರಿಕೆಯಾದಂತೆ ಕಾಣಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ವರ್ಲಿನ್" ಅಂದ. "ನಾನೇ ಕಣೋ. ನನ್ನ ಕೈಲೇ ಆಗಿದ್ದು. ಬೇಕು ಅಂತ ಮಾಡ್ಲಿಲ್ಲ ಕಣೋ ಅಣ್ಣ. ಅವತ್ತು ಸ್ವಲ್ಪ ಅವಸರದಲ್ಲಿದ್ದೆ ಅಂತ ಕಾಣುತ್ತೆ. ಬೇಟೆ ಶುರುವಾಗೋದ್ರೊಳಗೆ ಕೊಡ್ಬೇಕು ಅಂತಿತ್ತು. ನೀನು ನನ್ನ ಕೈನ ನಂಬಿದ್ದೆ..." ಎಪ್ಪತ್ತು ವರ್ಷದವನು, ಏಟು ತಿಂದ ಹುಡುಗನ ಹಾಗೆ ತೋಳಿನಿಂದ ಮೂಗು ಒರೆಸಿಕೊಂಡ.

ಅವಸರವಂತೆ. ಆ ನಳಿಗೆಗೆ ಅವನು ಆರು ವಾರ ತೆಗೆದುಕೊಂಡಿದ್ದ. ಯಾವಾಗ ಕೊಡ್ತೀಯೋ ಅಂತ ವರ್ಲಿನ್ ದಿನಾ ಬೈಯುತ್ತಿದ್ದ. ಮಾಡದ ತಪ್ಪಿಗೆ ನೆನಪನ್ನೇ ತಿದ್ದಿ ಜಾಗ ಮಾಡಿಕೊಡುತ್ತಿದ್ದ ಇವನು. ಹೆದರಿಕೆಯನ್ನು ನಾನು ಹನ್ನೊಂದು ವರ್ಷ ಹೊತ್ತಿದ್ದೆ, ಇನ್ನೂ ಹನ್ನೊಂದು ಹೊರುತ್ತಿದ್ದೆ. ಇದನ್ನು ಕೇಳಿಕೊಂಡು ಕೂರಲಾಗಲಿಲ್ಲ.

"ಗೇಲೆನ್, ಸುಮ್ನಿರು. ಸುಳ್ಳು ಹೇಳಿದೆ ನಾನು. ಚೂರಿದೆ."

"ಏನು?"

"ಕೊನೇ ಐದರಲ್ಲೂ ಚೂರಿದೆ. ರಿವಾಲ್ವರ್ ಮದ್ದು. ನಾನೇ ಸುರಿದೆ, ತಪ್ಪು ಡಬ್ಬಿಗೆ. ಫೋನ್ ಬಂದಿತ್ತು. ನಿನ್ನ ನಳಿಗೆ ಸರಿಯಾಗಿತ್ತು ಕಣೋ. ಕೂದಲೆಳೇನೂ ತಪ್ಪಿರ್ಲಿಲ್ಲ."

ಅವನು ಕೈ ಚಾಚಿದ. ನಾನು ತಟ್ಟೆಯನ್ನು ಅವನ ಬೆರಳ ಕೆಳಗೆ ತಳ್ಳಿದೆ. ಅವನು ಒಂದು ಚಿಟಿಕೆ ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ. ಇನ್ನೊಂದು ಚಿಟಿಕೆ. ನಾಲ್ಕು ಊರಿನ ಕೋವಿಗಳನ್ನು ತಡವಿ ನೋಡಿದ ಬೆರಳು. ಅವಕ್ಕೆ ನನ್ನ ಮಾತು ಬೇಕಿರಲಿಲ್ಲ. ಮೊದಲೇ ತಟ್ಟೆಗೆ ಕೈ ಹಾಕಿದ್ದರೆ ಅವನಿಗೆ ಆಗಲೇ ಗೊತ್ತಾಗುತ್ತಿತ್ತು. ಹಾಕಲಿಲ್ಲ. ನನ್ನನ್ನು ನಂಬಿದ್ದ.

"ಯಾವಾಗಿಂದ ಗೊತ್ತು ನಿಂಗೆ?"

"ಮಣ್ಣು ಮಾಡಿದ ಮೂರನೇ ದಿನದಿಂದ. ಅನುಮಾನ ಇತ್ತು."

"ಮೂರನೇ ದಿನ" ಅಂದ ಗೇಲೆನ್. ಎದ್ದು ಟೋಪಿ ಹಾಕಿಕೊಂಡ. "ನನ್ನನ್ನ ಮನೆಗೆ ಬಿಡು."

ಅವನನ್ನು ಕಾರಿಗೆ ಹತ್ತಿಸಿದೆ. ಗೋದಾಮಿನ ಗೋಪುರ ದಾಟಿ, ಕಾಫಿ ಅಂಗಡಿ ದಾಟಿ ಹೋದೆವು. ಅಂಗಡಿಯ ಮುಂದೆ ಟ್ರಕ್ಕುಗಳು, ಹಿಂಭಾಗದಲ್ಲಿ ಜಿಂಕೆಯ ಕಾಲುಗಳು.

"ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ ಎಲ್ರಿಗೂ ಹೇಳ್ತೀನಿ" ಅಂದೆ. "ಪೊಲೀಸಿಗೂ ಹೇಳ್ತೀನಿ."

"ಹೇಳು. ಕೇಳೋಕೆ ಎಷ್ಟು ಜನ ಉಳಿದಿದಾರೋ."

ಮನೆ ಮುಂದೆ ಇಳಿದವನು ಮನೆಯೊಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿನ ಅಂಗಡಿಯ ಕಡೆ ನಡೆದ. ನಾನು ಹಿಂದೆ ಹೋದೆ. ಬೀಗ ಒಂದೇ ತಿರುವಿಗೆ ತೆರೆಯಿತು. ಒಳಗೆ ತುಕ್ಕು, ಜೇಡರಬಲೆ ಇರುತ್ತದೆ ಅಂದುಕೊಂಡಿದ್ದೆ. ನೆಲ ಗುಡಿಸಿತ್ತು. ಉಳಿಗಳು ಅಳತೆಗೆ ತಕ್ಕಂತೆ ಗೋಡೆಯಲ್ಲಿ ತೂಗುತ್ತಿದ್ದವು. ನಡುವೆ ದಪ್ಪ ಬಟ್ಟೆ ಹೊದಿಸಿದ, ನಳಿಗೆ ಕಡೆಯುವ ಲೇತು ಯಂತ್ರ. ಅವನು ಬಟ್ಟೆ ಎಳೆದ. ಲೇತು ನಿನ್ನೆ ಕೊಂಡು ತಂದಂತೆ ಹೊಳೆಯಿತು.

"ಪ್ರತಿ ಶನಿವಾರ ಒರೆಸಿ ಎಣ್ಣೆ ಹಾಕಿದೀನಿ" ಅಂದ. "ಒಂದ್ ವಾರ ತಪ್ಪಿಸಿಲ್ಲ. ಯಾರಾದ್ರೂ ಬಾಗಿಲು ತಟ್ಟಿ, ಗೇಲೆನ್, ತಪ್ಪು ನಿಂದಲ್ಲ ಕಣೋ ಅಂದ್ರೆ, ಅವತ್ತೇ ಶುರು ಮಾಡೋಣ ಅಂತ. ತುಕ್ಕಿದ್ಯಾ ನೋಡು."

ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ.

"ಇಲ್ಲ" ಅಂದೆ.

"ನನ್ನ ಕಣ್ಣು ಹೋಗಿದ್ದು ಹೋದ ವರ್ಷದ ಹಿಂದಿನ ಚಳಿಗಾಲ. ಅಲ್ಲೀವರೆಗೂ ಕೂದಲನ್ನ ಉದ್ದಕ್ಕೆ ಸೀಳು ಅಂದ್ರೆ ಸೀಳ್ತಿದ್ದೆ." ಅವನು ಲೇತಿನ ಉದ್ದಕ್ಕೂ ನಿಧಾನವಾಗಿ ಕೈಯಾಡಿಸಿದ. "ಹೇಳೋಕೆ ಒಂಬತ್ತು ವರ್ಷ ಇತ್ತು ಕಣೇ ನಿಂಗೆ."

ಕ್ಷಮಿಸು ಅನ್ನುವ ಮಾತು ನಾಲಗೆಯವರೆಗೂ ಬಂತು. ಆಡುವುದಕ್ಕೂ ನಾಚಿಕೆಯಾಯಿತು. ಅಲ್ಲೇ ನಿಂತಿದ್ದೆ. ಅವನು ಬಟ್ಟೆಯನ್ನು ಮತ್ತೆ ಹೊದಿಸಿ, ನಾಲ್ಕು ಮೂಲೆಯನ್ನೂ ತಡವಿ ಸರಿಮಾಡಿದ.

"ಹೋಗು ಆರ್ಡಿ" ಅಂದ. "ಬಾಗಿಲು ಎಳ್ಕೊಂಡು ಹೋಗು. ತೇವ ಒಳಗೆ ಬರುತ್ತೆ."